ದೊಡ್ಡವರಿಲ್ಲದ ಮನೆಯ ಕಥೆಗಳು: ನಾಲ್ಕರಲ್ಲಿ ಯಾವುದನ್ನು ಮೊದಲು ಓದಬೇಕು?

ಅಪ್ಪ ಅಮ್ಮ ಇಲ್ಲ. ಸತ್ತಿದ್ದಾರೆ, ಇಲ್ಲವೇ ಬಿಟ್ಟು ಹೋಗಿದ್ದಾರೆ. ಮನೆಯಲ್ಲಿ ಉಳಿದಿರುವುದು ಮಕ್ಕಳು ಮಾತ್ರ. ವಿಷಯ ಹೊರಗೆ ಬಿದ್ದರೆ ಸರ್ಕಾರದವರು ಬಂದು ಒಬ್ಬೊಬ್ಬರನ್ನು ಒಂದೊಂದು ಕಡೆ ಹಾಕುತ್ತಾರೆ. ಹಾಗಾಗಿ ಯಾರಿಗೂ ಹೇಳುವಂತಿಲ್ಲ. ಊಟ, ದುಡ್ಡು, ಶಾಲೆ, ಬಾಗಿಲು ತಟ್ಟುವ ಪಕ್ಕದ ಮನೆಯವರು, ಎಲ್ಲವನ್ನೂ ತಾವೇ ನೋಡಿಕೊಳ್ಳಬೇಕು. ಕೆಲವು ಕಥೆಗಳಲ್ಲಿ ಹೆಣವನ್ನೂ ತಾವೇ ಮಣ್ಣು ಮಾಡಬೇಕು.

ಹೀಗೆ ಹೇಳಿದರೆ ಇದು ಅಳು ಬರಿಸುವ ಕಥೆ. ಆದರೆ ಕೆಲವು ಲೇಖಕರು ಇದೇ ಕಥೆಯಲ್ಲಿ ನಗಿಸುತ್ತಾರೆ. ನಕ್ಕು ಮುಗಿಸುವ ಮೊದಲೇ ‘ಅಯ್ಯೋ, ಇದಕ್ಕಾ ನಕ್ಕಿದ್ದು’ ಅನಿಸುತ್ತದೆ. ಕಪ್ಪು ಹಾಸ್ಯ ಅನ್ನುವುದು ಇದಕ್ಕೇ. ನನಗೆ ಈ ಬಗೆಯ ಕಾದಂಬರಿಗಳ ಮೇಲೆ ತುಂಬ ಪ್ರೀತಿ. ಯಾರಾದರೂ ಕೇಳಿದಾಗ ಸುಮ್ನೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ತಪ್ಪು ಪುಸ್ತಕದಿಂದ ಶುರು ಮಾಡಿದವರು ಮತ್ತೆ ಈ ಕಡೆ ತಲೆ ಹಾಕುವುದೇ ಇಲ್ಲ.

ಇಲ್ಲಿ ನಾಲ್ಕನ್ನು ಹೋಲಿಸಿದ್ದೇನೆ. ಇಂಗ್ಲೆಂಡಿನ ಇಯಾನ್ ಮೆಕ್ಯುವನ್ ಬರೆದ ‘ದಿ ಸಿಮೆಂಟ್ ಗಾರ್ಡನ್’ (1978). ಹಂಗೇರಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ಬದುಕಿದ ಆಗೋತಾ ಕ್ರಿಸ್ಟೋಫ್ ಬರೆದ ‘ದಿ ನೋಟ್‌ಬುಕ್’ (1986). ಕೆನಡಾದ ಕ್ವಿಬೆಕ್‌ನ ಗಯೆತಾಂ ಸೂಸಿ ಬರೆದ ‘ದಿ ಲಿಟಲ್ ಗರ್ಲ್ ಹೂ ವಾಸ್ ಟೂ ಫಾಂಡ್ ಆಫ್ ಮ್ಯಾಚಸ್’ (1998). ಸ್ಕಾಟ್ಲೆಂಡಿನ ಲೀಸಾ ಓಡಾನೆಲ್ ಬರೆದ ‘ದಿ ಡೆತ್ ಆಫ್ ಬೀಸ್’ (2012). ಕ್ರಿಸ್ಟೋಫ್ ಮತ್ತು ಸೂಸಿ ಬರೆದದ್ದು ಫ್ರೆಂಚಿನಲ್ಲಿ. ನಾನು ಹೇಳುತ್ತಿರುವುದು ಅವರ ಇಂಗ್ಲಿಷ್ ಅನುವಾದಗಳ ಬಗ್ಗೆ.

ಮೊದಲೇ ಒಂದು ಮಾತು. ಪುಸ್ತಕದ ಹಿಂಬದಿಯಲ್ಲಿರುವ ಕಥಾಸಾರ ಓದಿ ಆರಿಸಬೇಡಿ. ಅಲ್ಲಿ ನಾಲ್ಕೂ ಒಂದೇ ಥರ ಕಾಣುತ್ತವೆ: ದೊಡ್ಡವರು ಹೋದರು, ಮಕ್ಕಳು ಗುಟ್ಟು ಮುಚ್ಚಿಟ್ಟರು, ಹೊರಗಿನವನೊಬ್ಬ ಬಂದ. ವ್ಯತ್ಯಾಸ ಇರುವುದು ಯಾರು ಹೇಳುತ್ತಿದ್ದಾರೆ, ಯಾವ ಮಾತಿನಲ್ಲಿ ಹೇಳುತ್ತಿದ್ದಾರೆ ಅನ್ನುವುದರಲ್ಲಿ. ಮೊದಲ ಎರಡು ಪುಟ ಓದಿ. ಆ ದನಿಯ ಜೊತೆ ಇನ್ನೂರು ಪುಟ ಇರಬಲ್ಲಿರಾ? ಇರಬಲ್ಲಿರಾದರೆ ಅದು ನಿಮ್ಮ ಪುಸ್ತಕ.

ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಒಂದು ಓದುವುದಾದರೆ ‘ದಿ ನೋಟ್‌ಬುಕ್’. ಕಥೆ ಎಳೆದುಕೊಂಡು ಹೋಗಬೇಕು, ಕೊನೆಗೆ ಸ್ವಲ್ಪ ಸಮಾಧಾನವೂ ಬೇಕು ಅಂದರೆ ‘ದಿ ಡೆತ್ ಆಫ್ ಬೀಸ್’. ಮಾತಿನ ಆಟ ಇಷ್ಟಪಡುವವರಿಗೆ ಸೂಸಿ. ಮೆಕ್ಯುವನ್ ಕೊನೆಗೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ದಿ ನೋಟ್‌ಬುಕ್

ಯುದ್ಧದ ಕಾಲ. ದೊಡ್ಡ ಪಟ್ಟಣದಲ್ಲಿ ಬಾಂಬು ಬೀಳುತ್ತಿದೆ, ತಿನ್ನಲು ಇಲ್ಲ. ತಾಯಿ ತನ್ನ ಅವಳಿ ಗಂಡುಮಕ್ಕಳನ್ನು ಗಡಿಯ ಹತ್ತಿರದ ಸಣ್ಣ ಊರಿಗೆ ಕರೆತಂದು ತನ್ನ ತಾಯಿಯ ಹತ್ತಿರ ಬಿಟ್ಟು ಹೋಗುತ್ತಾಳೆ. ಆ ಅಜ್ಜಿ ನಮ್ಮ ಕಥೆಗಳ ಅಜ್ಜಿಯಲ್ಲ. ಮೈ ತೊಳೆಯುವುದಿಲ್ಲ. ಗಂಡನಿಗೆ ವಿಷ ಹಾಕಿ ಕೊಂದವಳು ಅಂತ ಊರೆಲ್ಲ ಮಾತು. ಮೊಮ್ಮಕ್ಕಳನ್ನು ‘ನಾಯಿಗೆ ಹುಟ್ಟಿದವರೇ’ ಅಂತಲೇ ಕರೆಯುತ್ತಾಳೆ. ಅನ್ನ ಬೇಕಾದರೆ ದುಡಿಯಬೇಕು ಅನ್ನುತ್ತಾಳೆ.

ಕಾದಂಬರಿಯಲ್ಲಿ ಊರಿಗೆ ಹೆಸರಿಲ್ಲ, ದೇಶಕ್ಕೆ ಹೆಸರಿಲ್ಲ, ಹುಡುಗರಿಗೂ ಹೆಸರಿಲ್ಲ. ಆದರೂ ಇದು ಎರಡನೇ ಮಹಾಯುದ್ಧದ ಹಂಗೇರಿ ಅಂತ ಓದುವವರಿಗೆ ತಿಳಿಯುತ್ತದೆ. ಕ್ರಿಸ್ಟೋಫ್ ಬೆಳೆದದ್ದು ಆಸ್ಟ್ರಿಯಾ ಗಡಿಯ ಪಕ್ಕದ ಕ್ಯೋಸೆಗ್ ಊರಿನಲ್ಲಿ.

ಹೇಳುವವರು ಅವಳಿಗಳು. ಇಡೀ ಪುಸ್ತಕದಲ್ಲಿ ‘ನಾನು’ ಇಲ್ಲ. ಇರುವುದು ‘ನಾವು’ ಮಾತ್ರ. ನಾವು ಹೋದೆವು, ನಾವು ನೋಡಿದೆವು, ನಾವು ಕೇಳಿದೆವು. ಯಾವ ಮಾತು ಯಾವ ಹುಡುಗನದ್ದು ಅಂತ ಒಮ್ಮೆಯೂ ಗೊತ್ತಾಗುವುದಿಲ್ಲ. ಅಧ್ಯಾಯಗಳು ಎರಡು ಮೂರು ಪುಟದವು. ವಾಕ್ಯಗಳು ತೀರಾ ಚಿಕ್ಕವು.

ಶಾಲೆ ಇಲ್ಲದ್ದರಿಂದ ಹುಡುಗರು ತಮಗೆ ತಾವೇ ಪಾಠ ಮಾಡಿಕೊಳ್ಳುತ್ತಾರೆ. ಅವರ ಹತ್ತಿರ ಇರುವುದು ಅಪ್ಪನ ಒಂದು ನಿಘಂಟು, ಅಜ್ಜಿಯ ಅಟ್ಟದಲ್ಲಿ ಸಿಕ್ಕ ಬೈಬಲ್. ಅಡುಗೆಮನೆಯ ಮೇಜಿಗೆ ಕೂತು ಒಬ್ಬ ಇನ್ನೊಬ್ಬನಿಗೆ ಪ್ರಬಂಧದ ವಿಷಯ ಕೊಡುತ್ತಾನೆ. ಎರಡು ಗಂಟೆ ಹೊತ್ತು, ಎರಡು ಹಾಳೆ. ಆಮೇಲೆ ಅದಲುಬದಲು ಮಾಡಿಕೊಂಡು ತಿದ್ದುತ್ತಾರೆ. ಚೆನ್ನಾಗಿಲ್ಲದ್ದು ಒಲೆಗೆ. ಚೆನ್ನಾಗಿದ್ದದ್ದು ದೊಡ್ಡ ನೋಟುಬುಕ್ಕಿಗೆ. ನಮ್ಮ ಕೈಯಲ್ಲಿರುವ ಪುಸ್ತಕವೇ ಆ ನೋಟುಬುಕ್ಕು.

ಚೆನ್ನಾಗಿದೆ ಅಂತ ಹೇಗೆ ತೀರ್ಮಾನ? ಒಂದೇ ನಿಯಮ: ಬರೆದದ್ದು ನಿಜ ಆಗಿರಬೇಕು. ಅಜ್ಜಿ ಮಾಟಗಾತಿಯ ಥರ ಇದ್ದಾಳೆ ಅಂತ ಬರೆಯುವಂತಿಲ್ಲ. ಜನ ಅಜ್ಜಿಯನ್ನು ಮಾಟಗಾತಿ ಅನ್ನುತ್ತಾರೆ ಅಂತ ಬರೆಯಬಹುದು. ಈ ಊರು ಚೆಂದ ಅನ್ನುವಂತಿಲ್ಲ, ಇನ್ನೊಬ್ಬರಿಗೆ ಅದು ಚೆಂದ ಕಾಣದಿರಬಹುದು. ಅಕ್ರೋಟು ನಮಗೆ ತುಂಬ ಇಷ್ಟ ಅಂತಲೂ ಬರೆಯುವಂತಿಲ್ಲ. ಅಕ್ರೋಟು ತುಂಬ ತಿನ್ನುತ್ತೇವೆ ಅಂತ ಬರೆಯಬೇಕು.

ಇಷ್ಟು ಓದಿದಾಗ ನಗು ಬರುತ್ತದೆ. ಚಿಕ್ಕ ಹುಡುಗರ ಈ ಶಿಸ್ತು ನೋಡಿ ಮೆಚ್ಚುಗೆಯೂ ಆಗುತ್ತದೆ. ಆಮೇಲೆ ಇದೇ ನಿಯಮದಲ್ಲಿ ಹಸಿವು ಬರುತ್ತದೆ, ಸಾವು ಬರುತ್ತದೆ, ಊರ ರಸ್ತೆಯಲ್ಲಿ ಸೈನಿಕರು ಸಾಲಾಗಿ ನಡೆಸಿಕೊಂಡು ಹೋಗುವ ಜನ ಬರುತ್ತಾರೆ. ಹುಡುಗರು ಅಳುವುದಿಲ್ಲ, ಯಾಕೆಂದರೆ ಅಳುವನ್ನು ಬರೆಯಲು ಅವರ ನಿಯಮದಲ್ಲಿ ಜಾಗವೇ ಇಲ್ಲ. ಆ ಕೆಲಸ ಓದುವವರ ಪಾಲಿಗೆ ಬೀಳುತ್ತದೆ.

ಅವರು ಇನ್ನೂ ಕೆಲವು ಅಭ್ಯಾಸ ಮಾಡುತ್ತಾರೆ. ಹೊಡೆತ ತಡೆದುಕೊಳ್ಳಲು ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ. ಬೈಗುಳ ತಡೆದುಕೊಳ್ಳಲು ಎದುರುಬದುರು ಕೂತು ಬೈದುಕೊಳ್ಳುತ್ತಾರೆ, ಮಾತು ಚುಚ್ಚುವುದು ನಿಲ್ಲುವ ತನಕ. ಆಮೇಲೆ ಅಮ್ಮ ಹೇಳುತ್ತಿದ್ದ ಮುದ್ದಿನ ಮಾತುಗಳ ಸರದಿ. ‘ನನ್ನ ಬಂಗಾರಗಳಾ’ ಅನ್ನುವಂಥ ಮಾತು. ಅದನ್ನೂ ಮತ್ತೆ ಮತ್ತೆ ಹೇಳಿ ಸವೆಸುತ್ತಾರೆ. ಬೈಗುಳಕ್ಕಿಂತ ಇದೇ ಹೆಚ್ಚು ನೋಯಿಸುವುದು ಅಂತ ಅವರಿಗೆ ಗೊತ್ತು. ಇನ್ನೊಂದು ದಿನ ಭಿಕ್ಷೆ ಬೇಡಲು ಹೋಗುತ್ತಾರೆ. ಬೇಡಿದರೆ ಹೇಗನಿಸುತ್ತದೆ, ಜನ ಏನು ಮಾಡುತ್ತಾರೆ ಅಂತ ತಿಳಿಯಲು. ಸಿಕ್ಕ ಹಣ್ಣು, ಬಿಸ್ಕತ್ತು, ನಾಣ್ಯ ಎಲ್ಲವನ್ನೂ ವಾಪಸ್ ಬರುವಾಗ ಹುಲ್ಲಿಗೆ ಎಸೆಯುತ್ತಾರೆ. ಒಬ್ಬರು ತಲೆ ಸವರಿದ್ದರು. ಅದನ್ನು ಎಸೆಯಲು ಆಗುವುದಿಲ್ಲ. ಪುಸ್ತಕದಲ್ಲಿ ಅವರ ನಿಯಮ ಸ್ವಲ್ಪ ಬಿರುಕು ಬಿಡುವ ಜಾಗ ಇದು. ಅದನ್ನೂ ಅದೇ ಒಣ ದನಿಯಲ್ಲಿ, ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಕಾದಂಬರಿಗೆ ಕೈ ಹಾಕಲು ಹಿಂಜರಿಯುವವರಿಗೆ ನಾನು ಇದನ್ನೇ ಕೊಡುತ್ತೇನೆ. ಇದಕ್ಕಿಂತ ಸರಳವಾದ ವಾಕ್ಯಗಳಲ್ಲಿ ಇಷ್ಟು ದೊಡ್ಡ ಕಾದಂಬರಿ ಸಿಗುವುದು ಕಷ್ಟ. ಆ ಸರಳತೆಗೆ ಕಾರಣವೂ ಇದೆ. 1956ರಲ್ಲಿ ಹಂಗೇರಿಯ ದಂಗೆಯನ್ನು ಸೋವಿಯತ್ ಸೇನೆ ಹತ್ತಿಕ್ಕಿದಾಗ ಕ್ರಿಸ್ಟೋಫ್ ಗಂಡ ಮತ್ತು ಹಸುಗೂಸಿನ ಜೊತೆ ಗಡಿ ದಾಟಿ ಓಡಿಹೋದರು. ಸ್ವಿಟ್ಜರ್ಲೆಂಡಿನ ಗಡಿಯಾರ ಕಾರ್ಖಾನೆಯಲ್ಲಿ ದುಡಿದರು. ಫ್ರೆಂಚ್ ಕಲಿತದ್ದು ದೊಡ್ಡವರಾದ ಮೇಲೆ. ಮೊದಲ ಕಾದಂಬರಿ ಬಂದಾಗ ಅವರಿಗೆ ಐವತ್ತು ದಾಟಿತ್ತು. ಅಲಂಕಾರಕ್ಕೆ ಅವರ ಹತ್ತಿರ ಪದಗಳಿರಲಿಲ್ಲ, ಅಲಂಕಾರ ಅವರಿಗೆ ಬೇಕಾಗಿಯೂ ಇರಲಿಲ್ಲ. ನಿಘಂಟು ಹಿಡಿದು ಬರೆಯುವ ಹುಡುಗರಿಗೂ ಹೊಸ ಭಾಷೆಯಲ್ಲಿ ಅವರ ಕಥೆ ಬರೆದ ಕ್ರಿಸ್ಟೋಫ್‌ಗೂ ಬಹಳ ಹತ್ತಿರದ ನಂಟಿದೆ. ಆಲನ್ ಶೆರಿಡನ್ ಅವರ ಇಂಗ್ಲಿಷ್ ಅನುವಾದ ಆ ಬಿಗಿಯನ್ನು ಉಳಿಸಿಕೊಂಡಿದೆ.

ಒಂದು ಎಚ್ಚರಿಕೆ ಮಾತ್ರ ಕೊಡಲೇಬೇಕು. ಭಾಷೆ ಮಕ್ಕಳದ್ದು, ಪುಸ್ತಕ ಮಕ್ಕಳದ್ದಲ್ಲ. ಲೈಂಗಿಕ ಹಿಂಸೆ ಇದೆ, ಪ್ರಾಣಿಹಿಂಸೆ ಇದೆ. 2000ರಲ್ಲಿ ಫ್ರಾನ್ಸಿನ ಅಬ್ಬೆವಿಲ್ ಊರಿನಲ್ಲಿ ಇದನ್ನು ತರಗತಿಯಲ್ಲಿ ಓದಿಸಿದ ಶಿಕ್ಷಕರನ್ನು ಪೋಷಕರ ದೂರಿನ ಮೇಲೆ ಪೊಲೀಸರು ಕರೆದೊಯ್ದು ವಿಚಾರಣೆ ಮಾಡಿದ್ದರು. ಅದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಆದರೂ ಹದಿನೆಂಟರ ಒಳಗಿನವರಿಗೆ ನಾನು ಕೊಡುವುದಿಲ್ಲ.

ಸೂಸಿಯ ಕಾದಂಬರಿ

ಉದ್ದ ಹೆಸರಿನ ಈ ಪುಸ್ತಕ ನಾಲ್ಕರಲ್ಲಿ ಅತಿ ವಿಚಿತ್ರದ್ದು. ಕಾಡಿನ ಅಂಚಿನಲ್ಲಿ ಒಂದು ಪಾಳುಬಿದ್ದ ದೊಡ್ಡ ಬಂಗಲೆ. ಅಲ್ಲಿ ಒಬ್ಬ ತಂದೆ, ಹೊರಜಗತ್ತು ನೋಡದೆ ಬೆಳೆದ ಎರಡು ಮಕ್ಕಳು. ಒಂದು ಬೆಳಗ್ಗೆ ತಂದೆ ನೇಣು ಹಾಕಿಕೊಂಡಿದ್ದಾನೆ. ಮಕ್ಕಳಿಗೆ ಮೊದಲು ಹುಟ್ಟುವುದು ದುಃಖವಲ್ಲ, ಗೊಂದಲ. ಎದ್ದು ಏನು ಮಾಡಬೇಕು ಅಂತ ದಿನವೂ ಹೇಳುತ್ತಿದ್ದವನು ಅವನೇ. ಈಗ ಹೇಳುವವರಿಲ್ಲ. ಇನ್ನು ಮೇಲೆ ಈ ಜಗತ್ತನ್ನು ನಡೆಸುವವರು ಯಾರು? ನಾವೇ ಇರಬೇಕು, ಅಲ್ವಾ?

ಹೇಳುತ್ತಿರುವ ಮಗು ಮಾತು ಕಲಿತದ್ದು ಜನರಿಂದಲ್ಲ. ಬಂಗಲೆಯ ಗ್ರಂಥಾಲಯದಿಂದ. ಧರ್ಮಗ್ರಂಥಗಳು, ನಿಘಂಟುಗಳು, ಸ್ಪಿನೋಜಾನ ತತ್ವಶಾಸ್ತ್ರ, ಫ್ರಾನ್ಸಿನ ರಾಜಸಭೆಯ ಕಥೆ ಹೇಳುವ ಸೇಂಟ್ ಸಿಮೋನ್ ಪ್ರಭುವಿನ ನೆನಪುಗಳು. ಹಾಗಾಗಿ ಮಾತಿನ ಗತ್ತು ರಾಜಸಭೆಯದ್ದು, ತಿಳಿವಳಿಕೆ ಏಳು ವರ್ಷದ್ದು. ಕೆಲವು ಸಾಮಾನ್ಯ ವಸ್ತುಗಳಿಗೆ ಹೆಸರೇ ಗೊತ್ತಿಲ್ಲ, ಅದಕ್ಕೆ ತನ್ನದೇ ಹೆಸರು ಕಟ್ಟುತ್ತದೆ. ಗೊತ್ತಿರುವ ಪದಗಳನ್ನು ತಪ್ಪು ಜಾಗದಲ್ಲಿ ಇಡುತ್ತದೆ. ತಂದೆ ಇಬ್ಬರಿಗೂ ದಿನಕ್ಕೊಬ್ಬರಂತೆ ಬರೆಯುವ ಕೆಲಸ ಹಚ್ಚಿದ್ದ. ಈಗ ಆ ಕೆಲಸವನ್ನು ಈ ಮಗು ಒಂದೇ ಮುಂದುವರಿಸುತ್ತಿದೆ. ನಾವು ಓದುತ್ತಿರುವುದು ಅದನ್ನೇ.

ತಂದೆಯನ್ನು ಹೂಳಲು ಪೆಟ್ಟಿಗೆ ಬೇಕು. ಪೆಟ್ಟಿಗೆ ತರಲು ಊರಿಗೆ ಹೋಗಬೇಕು. ಹುಟ್ಟಿದಾಗಿನಿಂದ ಬಂಗಲೆ ಬಿಟ್ಟು ಹೋಗದ ಮಗು ಕುದುರೆ ಹಿಡಿದು, ನಾಣ್ಯದ ಚೀಲ ಹೊತ್ತು, ಊರೊಳಗೆ ನಡೆದು ಬರುವ ಅಧ್ಯಾಯ ಇದೆಯಲ್ಲ, ಅದಕ್ಕಾಗಿಯೇ ಈ ಪುಸ್ತಕ ಓದಬೇಕು. ಊರವರಿಗೆ ಮಗುವಿನ ಮಾತು ಹುಚ್ಚು. ಮಗುವಿಗೆ ಊರವರ ನಡತೆ ಹುಚ್ಚು. ಇಬ್ಬರ ನಡುವೆ ನಾವು ನಿಂತಿರುತ್ತೇವೆ. ನಗುವುದೂ ಅಲ್ಲೇ. ಊರವರಿಗೆ ಗೊತ್ತಿದ್ದು ಮಗುವಿಗೆ ಗೊತ್ತಿಲ್ಲದ್ದು ಏನೋ ಇದೆ ಅಂತ ಬೆನ್ನಲ್ಲಿ ಛಳುಕು ಹುಟ್ಟುವುದೂ ಅಲ್ಲೇ.

ಇದಕ್ಕಿಂತ ಹೆಚ್ಚು ಕಥೆ ಹೇಳಬಾರದು. ಈ ಪುಸ್ತಕದ ಬಗ್ಗೆ ಬರುವ ಪರಿಚಯ ಲೇಖನಗಳನ್ನು ದಯವಿಟ್ಟು ಮೊದಲು ಓದಬೇಡಿ. ಒಂದೊಂದೂ ಒಂದೊಂದು ಗುಟ್ಟು ಬಿಟ್ಟುಕೊಡುತ್ತದೆ, ಮತ್ತು ಇಲ್ಲಿ ಗುಟ್ಟು ಬಿಚ್ಚಿಕೊಳ್ಳುವ ರೀತಿಯೇ ಕಾದಂಬರಿ.

ತೊಂದರೆ ಏನೆಂದರೆ ಭಾಷೆ. ಬೇಕೆಂತಲೇ ಸೊಟ್ಟಗೆ ಮಾಡಿದ ಭಾಷೆ ಇದು. ಅನುವಾದಕಿ ಶೀಲಾ ಫಿಶ್‌ಮನ್ ಅದನ್ನು ಇಂಗ್ಲಿಷಿನಲ್ಲಿ ಮತ್ತೆ ಸೊಟ್ಟಗೆ ಕಟ್ಟಿದ್ದಾರೆ. ಇಂಗ್ಲಿಷ್ ಸಲೀಸಾಗಿ ಓದುವವರೂ ಮೊದಲ ಇಪ್ಪತ್ತು ಪುಟ ತಡವರಿಸುತ್ತಾರೆ. ಅಲ್ಲಿ ನಿಲ್ಲಿಸಬೇಡಿ. ಅರ್ಥವಾಗದ ಪದವನ್ನು ನಿಘಂಟಿನಲ್ಲಿ ಹುಡುಕಲೂ ಹೋಗಬೇಡಿ, ಎಷ್ಟೋ ಪದಗಳನ್ನು ಆ ಮಗು ತನಗೆ ತೋಚಿದ ಅರ್ಥದಲ್ಲಿ ಬಳಸುತ್ತದೆ. ಗಟ್ಟಿಯಾಗಿ ಓದಿಕೊಂಡರೆ ಲಯ ಸಿಗುತ್ತದೆ, ಲಯ ಸಿಕ್ಕಿದ ಮೇಲೆ ಅರ್ಥ ಹಿಂದೆಯೇ ಬರುತ್ತದೆ. ಪುಸ್ತಕ ತೆಳ್ಳಗಿದೆ. ಎರಡು ಸಲ ಓದುವಂಥದ್ದು, ಎರಡನೇ ಸಲ ಬೇರೆಯೇ ಕಾದಂಬರಿ.

ದಿ ಡೆತ್ ಆಫ್ ಬೀಸ್

ಗ್ಲಾಸ್ಗೋ ನಗರದ ಬಡವರ ಬಡಾವಣೆ. ಕ್ರಿಸ್ಮಸ್ ಹಿಂದಿನ ದಿನ. ಮಾರ್ನಿಗೆ ಅವತ್ತು ಹದಿನೈದು ತುಂಬಿದೆ, ಅವತ್ತೇ ಅವಳು ಅಪ್ಪ ಅಮ್ಮನನ್ನು ಹಿತ್ತಲಲ್ಲಿ ಹೂತಿದ್ದಾಳೆ. ಅವಳ ಲೆಕ್ಕ ಸರಳ. ಇನ್ನೊಂದು ವರ್ಷ ತಳ್ಳಿದರೆ ಹದಿನಾರು. ಆಗ ಕಾನೂನಿನ ಪ್ರಕಾರ ತಂಗಿ ನೆಲ್ಲಿಯನ್ನು ತಾನೇ ನೋಡಿಕೊಳ್ಳಬಹುದು. ಅಲ್ಲಿಯ ತನಕ ಯಾರಿಗೂ ಗೊತ್ತಾಗಬಾರದು.

ಹೇಳುವವರು ಮೂವರು, ಸರದಿಯಂತೆ. ಅಕ್ಕ ಮಾರ್ನಿ ಬಾಯಿ ಜೋರು, ಬೈಗುಳ ಧಾರಾಳ, ತಲೆ ಚುರುಕು. ತಂಗಿ ನೆಲ್ಲಿ ಪಿಟೀಲು ನುಡಿಸುವವಳು, ಹಳೇ ಕಾಲದ ರಾಣಿಯ ಹಾಗೆ ಮಾತಾಡುವವಳು. ಮೂರನೆಯವನು ಪಕ್ಕದ ಮನೆಯ ಮುದುಕ ಲೆನ್ನಿ. ಸಂಗಾತಿ ಜೋಸೆಫ್ ತೀರಿಕೊಂಡ ಮೇಲೆ ನಾಯಿಯೊಂದರ ಜೊತೆ ಒಂಟಿಯಾಗಿದ್ದಾನೆ. ಓಣಿಯವರು ಅವನನ್ನು ಕೆಟ್ಟವನು ಅಂತ ದೂರ ಇಟ್ಟಿದ್ದಾರೆ. ಈ ಮಕ್ಕಳಿಗೆ ಬಿಸಿ ಊಟ ಹಾಕುವವನು ಅವನೊಬ್ಬನೇ. ಅವನ ನಾಯಿಯೋ ಹಿತ್ತಲು ಕೆದರುವುದನ್ನು ಬಿಡುವುದಿಲ್ಲ. ಹೂತ ಜಾಗದ ಮೇಲೆ ನೆಟ್ಟ ಲ್ಯಾವೆಂಡರ್ ಗಿಡಗಳ ಹತ್ತಿರ ಅದು ಮೂಗು ತೂರಿಸಿದಾಗಲೆಲ್ಲ ನಗುವುದೋ ಹೆದರುವುದೋ ಗೊತ್ತಾಗುವುದಿಲ್ಲ.

ಪ್ರಯೋಗದ ದೃಷ್ಟಿಯಿಂದ ಇದು ಉಳಿದವುಗಳಷ್ಟು ಧೈರ್ಯದ್ದಲ್ಲ. ಮೂರು ದನಿ ಬೇರೆ ಬೇರೆ ಕೇಳಿಸುತ್ತವೆ, ಅಷ್ಟೇ. ಆದರೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ ಅನ್ನುವುದನ್ನು ಓಡಾನೆಲ್ ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಅಕ್ಕ ತಂಗಿಯನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಾಳೆ. ತಂಗಿ ಏನು ಅಂದುಕೊಂಡಿದ್ದಾಳೆ ಅಂತ ತಂಗಿಯ ಪಾಳಿ ಬಂದಾಗ ತಿಳಿಯುತ್ತದೆ. ಈ ಪುಸ್ತಕಕ್ಕೆ 2013ರಲ್ಲಿ ಕಾಮನ್‌ವೆಲ್ತ್ ಪುಸ್ತಕ ಪ್ರಶಸ್ತಿ ಬಂತು. ಸಂಜೆ ಹಿಡಿದರೆ ನಡುರಾತ್ರಿ ಮುಗಿಸುವಂಥ ಓಟ. ನಾಲ್ಕರಲ್ಲಿ ದೊಡ್ಡವನೊಬ್ಬ ಒಳ್ಳೆಯವನಾಗಿರುವುದು ಇಲ್ಲಿ ಮಾತ್ರ, ನನಗೆ ಲೆನ್ನಿ ತುಂಬ ಇಷ್ಟ.

ದಿ ಸಿಮೆಂಟ್ ಗಾರ್ಡನ್

ಮೆಕ್ಯುವನ್ ಅವರ ಮೊದಲ ಕಾದಂಬರಿ. ಸುತ್ತಲಿನ ಮನೆಗಳನ್ನೆಲ್ಲ ಕೆಡವಿ ಒಂಟಿಯಾಗಿ ಉಳಿದ ಮನೆ. ಕಾಯಿಲೆಯ ತಂದೆ ತೋಟ ನೋಡಿಕೊಳ್ಳಲಾಗದೆ ಅದಕ್ಕೆ ಸಿಮೆಂಟ್ ಹಾಕಲು ಹೊರಡುತ್ತಾನೆ, ಆ ಕೆಲಸದಲ್ಲೇ ಸಾಯುತ್ತಾನೆ. ಆಮೇಲೆ ತಾಯಿಯೂ ಹೋಗುತ್ತಾಳೆ. ಜೂಲಿ, ಜಾಕ್, ಸೂ ಅನ್ನುವ ಮೂವರು ಹದಿಹರೆಯದವರು, ಆರು ವರ್ಷದ ಟಾಮ್ ಉಳಿಯುತ್ತಾರೆ. ಉಳಿದ ಸಿಮೆಂಟ್ ನೆಲಮಾಳಿಗೆಯಲ್ಲಿ ಕೆಲಸಕ್ಕೆ ಬರುತ್ತದೆ.

ಹೇಳುವವನು ಜಾಕ್. ಸ್ನಾನ ಮಾಡುವುದಿಲ್ಲ, ಬಟ್ಟೆ ಬದಲಿಸುವುದಿಲ್ಲ, ಏನೂ ಅನಿಸಿದಂತೆ ತೋರಿಸುವುದಿಲ್ಲ. ಬೇಸಗೆಯ ಸೆಕೆ, ಅಡುಗೆಮನೆಯಲ್ಲಿ ಕೊಳೆಯುವ ಪಾತ್ರೆ, ನೊಣ, ನೆಲಮಾಳಿಗೆಯಿಂದ ಏರಿ ಬರುವ ವಾಸನೆ. ಮನೆ ಒಂದು ದಿನಕ್ಕೆ ಹಾಳಾಗುವುದಿಲ್ಲ. ದಿನಕ್ಕೆ ಒಂದಿಷ್ಟು ಜಾರುತ್ತದೆ. ಆ ಜಾರುವಿಕೆಯನ್ನು ಮೆಕ್ಯುವನ್ ಬರೆದಷ್ಟು ನಿಖರವಾಗಿ ಬೇರೆ ಮೂವರೂ ಬರೆದಿಲ್ಲ. ವಾಕ್ಯಗಳು ಸ್ವಚ್ಛ, ಓದಲು ಕಷ್ಟವಿಲ್ಲ.

ಆದರೂ ಕೊನೆಗೆ ಇಡುತ್ತೇನೆ. ಒಂದು, ಹಾಸ್ಯ ಇಲ್ಲಿ ತೀರಾ ಕಡಿಮೆ. ಇರುವ ನಗುವೂ ಬಿಗಿ ಹಿಡಿದ ನಗು. ಎರಡು, ಅಕ್ಕ ತಮ್ಮನ ನಡುವಿನ ಲೈಂಗಿಕ ಸೆಳೆತ ಕಥೆಯ ನಡುಮಧ್ಯೆ ಇದೆ. ಅದು ಬೇಡ ಅನ್ನುವವರು ಈ ಪುಸ್ತಕ ಬಿಟ್ಟುಬಿಡಬಹುದು, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮೂರು, ಮೊದಲು ಇದನ್ನೇ ಓದಿದವರು ಈ ಬಗೆಯ ಕಥೆ ಅಂದರೆ ಉಸಿರುಕಟ್ಟುವ ಕಥೆ ಅಂತಲೇ ತಿಳಿಯುತ್ತಾರೆ. ಉಳಿದ ಮೂರರಲ್ಲಿ ಗಾಳಿ ಆಡುತ್ತದೆ ಅಂತ ಅವರಿಗೆ ತಿಳಿಯುವುದೇ ಇಲ್ಲ.

ಒಂದೇ ಕೆಲಸ, ನಾಲ್ಕು ಮಾತು

ಹೋಲಿಕೆಗೆ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಅಳತೆಗೋಲು ಸಾವು ಎದುರಾದಾಗ ಮಕ್ಕಳು ಹೇಗೆ ಮಾತಾಡುತ್ತಾರೆ ಅನ್ನುವುದು. ಮಾರ್ನಿ ಅದನ್ನು ಮುಗಿಸಬೇಕಾದ ಕೆಲಸದ ಪಟ್ಟಿಯಲ್ಲಿ ಸೇರಿಸುತ್ತಾಳೆ, ಸಿಟ್ಟಿನಿಂದ. ಸೂಸಿಯ ಮಗು ಅದನ್ನೊಂದು ಶಾಸ್ತ್ರದ ಪ್ರಶ್ನೆ ಮಾಡಿ ದೊಡ್ಡ ದೊಡ್ಡ ಪದಗಳಲ್ಲಿ ಚರ್ಚಿಸುತ್ತದೆ. ಜಾಕ್ ಅದನ್ನು ನೋಡಿಯೂ ನೋಡದವನ ಹಾಗೆ ದಾಟುತ್ತಾನೆ. ಅವಳಿಗಳು ಏನು ನಡೆಯಿತೋ ಅಷ್ಟನ್ನೇ ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ನಾಲ್ವರೂ ‘ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನಿ’ ಅಂತ ಕೇಳುವುದಿಲ್ಲ. ಈ ಕಾದಂಬರಿಗಳ ಹಾಸ್ಯದ ಗೌರವ ಇರುವುದು ಅಲ್ಲಿ. ಲೇಖಕರು ಮಕ್ಕಳನ್ನು ನೋಡಿ ನಗುವುದಿಲ್ಲ. ಮಕ್ಕಳು ದೊಡ್ಡವರ ಮಾತು, ದೊಡ್ಡವರ ನಿಯಮ ಎರವಲು ಪಡೆದು ಮನೆ ನಡೆಸುತ್ತಾರೆ. ಆ ಎರವಲು ಅವರಿಗೆ ಅಳತೆ ತಪ್ಪಿ ಜೋಲುತ್ತದೆ, ಅಪ್ಪನ ಕೋಟು ತೊಟ್ಟ ಹುಡುಗನ ಹಾಗೆ. ನಗು ಬರುವುದು ಅದಕ್ಕೆ.

ಹೊರಗಿನಿಂದ ಬರುವವರನ್ನೂ ಗಮನಿಸಿ. ಸಿಮೆಂಟ್ ಗಾರ್ಡನ್‌ಗೆ ಜೂಲಿಯ ಗೆಳೆಯ ಡೆರೆಕ್ ಬರುತ್ತಾನೆ, ನೆಲಮಾಳಿಗೆಯ ವಾಸನೆ ಅವನ ಮೂಗಿಗೆ ಬೀಳುತ್ತದೆ. ಬೀಸ್‌ನಲ್ಲಿ ಎಲ್ಲೋ ಇದ್ದ ತಾತ ಹಕ್ಕು ಸಾಧಿಸಲು ಬರುತ್ತಾನೆ. ಸೂಸಿಯಲ್ಲಿ ಇಡೀ ಊರೇ ಬರುತ್ತದೆ. ನೋಟ್‌ಬುಕ್‌ನಲ್ಲಿ ಮಾತ್ರ ಹುಡುಗರೇ ದೊಡ್ಡವರ ಮನೆಗೆ ಹೋಗುತ್ತಾರೆ. ಊರ ಪಾದ್ರಿಯ ಬಾಗಿಲಿಗೆ ಹೋಗಿ, ಪಕ್ಕದ ಬಡ ಹೆಂಗಸಿಗೂ ಅವಳ ಮಗಳಿಗೂ ದುಡ್ಡು ಕೊಡಿ ಅಂತ ತಣ್ಣಗೆ ಒತ್ತಾಯ ಮಾಡುತ್ತಾರೆ. ಬೈಬಲಿನ ಹತ್ತು ಕಟ್ಟಳೆ ಪಾಲಿಸುತ್ತೀರಾ ಅಂತ ಪಾದ್ರಿ ಕೇಳಿದರೆ, ಇಲ್ಲ, ಯಾರೂ ಪಾಲಿಸುವುದಿಲ್ಲ, ಕೊಲ್ಲಬಾರದು ಅಂತ ಬರೆದಿದೆ, ಎಲ್ಲರೂ ಕೊಲ್ಲುತ್ತಿದ್ದಾರೆ ಅನ್ನುತ್ತಾರೆ. ಯುದ್ಧದ ಬಗ್ಗೆ ಭಾಷಣ ಮಾಡುವ ಎಷ್ಟೋ ಕಾದಂಬರಿಗಳಿಗಿಂತ ಈ ಉತ್ತರ ದೊಡ್ಡದು ಅಂತ ನಾನು ನಂಬಿದ್ದೇನೆ.

ಪಟ್ಟಿಗೆ ಸೇರಿಸದವು

ಝಾಂ ಕಾಕ್ತೋ ಅವರ ‘ಲೆಝಾಂಫಾಂ ತೆರಿಬ್ಲ್’ (1929) ಈ ಸಾಲಿನ ಹಿರಿಯ ಕಾದಂಬರಿ. ಪ್ಯಾರಿಸ್, ಅಕ್ಕ ತಮ್ಮ, ಒಂದು ಕೋಣೆ, ಅವರದ್ದೇ ಒಂದು ಆಟ. ಚೆಲುವಾದ ಪುಸ್ತಕ, ಆದರೆ ಅಲ್ಲಿ ಹೊಟ್ಟೆಪಾಡಿನ ಚಿಂತೆ ಇಲ್ಲ. ನನಗೆ ಈ ಕಥೆಗಳಲ್ಲಿ ಊಟ ಎಲ್ಲಿಂದ ಬಂತು ಅಂತ ತಿಳಿಯಬೇಕು. ಜೂಲಿಯನ್ ಗ್ಲೋಗ್ ಅವರ ‘ಅವರ್ ಮದರ್ಸ್ ಹೌಸ್’ (1963) ತಾಯಿಯನ್ನು ತೋಟದಲ್ಲಿ ಹೂತ ಮಕ್ಕಳ ಕಥೆ, ಗಂಭೀರವಾದದ್ದು, ಹೇಳುವ ರೀತಿ ಸಾಂಪ್ರದಾಯಿಕ. ಶರ್ಲಿ ಜಾಕ್ಸನ್ ಅವರ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದಿ ಕ್ಯಾಸಲ್’ (1962) ಬಹಳ ತಮಾಷೆಯ, ಬಹಳ ಭಯಂಕರ ಪುಸ್ತಕ. ಅಲ್ಲಿನ ಅಕ್ಕತಂಗಿಯರು ಮಕ್ಕಳಲ್ಲ ಅನ್ನುವ ಕಾರಣಕ್ಕೆ ಮಾತ್ರ ಬಿಟ್ಟಿದ್ದೇನೆ. ಸೂಸಿ ಇಷ್ಟವಾದವರು ಮುಂದೆ ಇದನ್ನು ತಪ್ಪದೆ ಹಿಡಿಯಿರಿ.

ಸಿನಿಮಾ ನೋಡಿ ಪುಸ್ತಕ ಬಿಡಬಹುದಾ ಅಂತ ಕೇಳುವವರಿದ್ದಾರೆ. ‘ದಿ ಸಿಮೆಂಟ್ ಗಾರ್ಡನ್’ ಅನ್ನು ಆಂಡ್ರ್ಯೂ ಬರ್ಕಿನ್ 1993ರಲ್ಲಿ ಸಿನಿಮಾ ಮಾಡಿದರು. ‘ದಿ ನೋಟ್‌ಬುಕ್’ 2013ರಲ್ಲಿ ಹಂಗೇರಿಯಲ್ಲಿ ಯಾನೋಶ್ ಸಾಸ್ ಕೈಯಲ್ಲಿ ಸಿನಿಮಾ ಆಯಿತು. ಸೂಸಿಯದ್ದು 2017ರಲ್ಲಿ ಕಪ್ಪುಬಿಳುಪಿನಲ್ಲಿ ಬಂತು. ಕಷ್ಟ ಏನೆಂದರೆ, ಕ್ಯಾಮೆರಾ ಮುಂದೆ ‘ನಾವು’ ಅಂತ ಹೇಳುವ ಹುಡುಗರು ಇಬ್ಬರಾಗಿ ಕಾಣಲೇಬೇಕು. ಸೂಸಿಯ ಮಗುವಿನ ಮುಖವೂ ಮೊದಲ ನಿಮಿಷದಲ್ಲೇ ಕಾಣಬೇಕು. ಪುಸ್ತಕದಲ್ಲಿ ಮಾತು ಮಾಡಿದ ಕೆಲಸ ತೆರೆಯ ಮೇಲೆ ಕರಗಿ ಹೋಗುತ್ತದೆ. ಸಿನಿಮಾವೇ ಬೇಕು ಅನ್ನುವವರು ಸಿನಿಮಾಕ್ಕಾಗಿಯೇ ಹುಟ್ಟಿದ ಕಥೆ ನೋಡಲಿ: ಜಪಾನಿನ ಹಿರೊಕಾಜು ಕೊರೆಯೆಡಾ ಅವರ ‘ನೋಬಡಿ ನೋಸ್’ (2004). ಟೋಕಿಯೋದಲ್ಲಿ 1988ರಲ್ಲಿ ಬೆಳಕಿಗೆ ಬಂದ ನಿಜ ಘಟನೆಯಿಂದ ಹೊರಟದ್ದು. ತಾಯಿ ಬಿಟ್ಟು ಹೋದ ನಾಲ್ಕು ಮಕ್ಕಳು ಬಾಡಿಗೆ ಮನೆಯಲ್ಲಿ ಬದುಕುತ್ತಾರೆ. ಹಿರಿಯ ಹುಡುಗನ ಪಾತ್ರ ಮಾಡಿದ ಯೂಯಾ ಯಾಗಿರಾ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದಾಗ ಅವನಿಗೆ ಹದಿನಾಲ್ಕು ವರ್ಷ. ಇದರಲ್ಲಿ ಕಪ್ಪು ಹಾಸ್ಯ ಇಲ್ಲ.

ಓದುವ ಕ್ರಮ

ಬೆನ್ನುಬೆನ್ನಿಗೆ ಓದಬೇಡಿ, ಮನಸ್ಸು ತಡೆಯುವುದಿಲ್ಲ. ನಡುವೆ ಬೇರೆ ಏನಾದರೂ ಹಗುರದ್ದು ಓದಿ. ಗುಂಪಿನಲ್ಲಿ ಓದುವುದಾದರೆ ‘ದಿ ಡೆತ್ ಆಫ್ ಬೀಸ್’ ಒಳ್ಳೆಯ ಆರಂಭ. ಲೆನ್ನಿ ಮಾಡಿದ್ದು ಸರಿಯಾ, ಮಾರ್ನಿ ಮಾಡಿದ್ದು ತಪ್ಪಾ ಅಂತ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಒಬ್ಬರೇ ಓದುವವರಿಗೆ ಕ್ರಿಸ್ಟೋಫ್ ಮೊದಲು, ಆಮೇಲೆ ಸೂಸಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು ಸದ್ಯಕ್ಕೆ ಯಾವುದನ್ನೂ ಮುಟ್ಟದಿರುವುದು ಒಳ್ಳೆಯದು. ಪುಸ್ತಕಗಳು ಎಲ್ಲಿಗೂ ಹೋಗುವುದಿಲ್ಲ.

‘ದಿ ನೋಟ್‌ಬುಕ್’ ಕೊಳ್ಳುವಾಗ ಇನ್ನೊಂದು ಆಯ್ಕೆ ಎದುರಾಗುತ್ತದೆ. ಅದು ಒಂಟಿಯಾಗಿಯೂ ಸಿಗುತ್ತದೆ, ‘ದಿ ಪ್ರೂಫ್’ (1988) ಮತ್ತು ‘ದಿ ಥರ್ಡ್ ಲೈ’ (1991) ಸೇರಿ ಮೂರೂ ಒಂದೇ ಸಂಪುಟದಲ್ಲೂ ಸಿಗುತ್ತದೆ. ಮೂರೂ ಇರುವ ಸಂಪುಟವನ್ನೇ ತೆಗೆದುಕೊಳ್ಳಿ. ಆದರೆ ಮೊದಲನೆಯದು ಮುಗಿದ ತಕ್ಷಣ ಪುಟ ತಿರುಗಿಸಬೇಡಿ, ಕೆಲವು ದಿನ ಬಿಡಿ. ಎರಡನೇ ಪುಸ್ತಕದಲ್ಲಿ ‘ನಾವು’ ಮಾಯವಾಗುತ್ತದೆ, ಹುಡುಗನಿಗೆ ಹೆಸರು ಬರುತ್ತದೆ. ಮೂರನೆಯದು ನೀವು ಈ ತನಕ ನಿಜ ಅಂತ ನಂಬಿದ್ದನ್ನೆಲ್ಲ ಒಂದೊಂದಾಗಿ ಪ್ರಶ್ನಿಸುತ್ತದೆ, ನಿಜವನ್ನು ಮಾತ್ರ ಬರೆಯಬೇಕು ಅನ್ನುವ ಆ ನಿಯಮವನ್ನೂ ಸೇರಿಸಿ.